ಹಳದಿ ಎಂಟು ಕೆಡಿಸಿದ ಮಿಷನ್: ಧಾರವಾಡದ ಒಂದು ಇಸ್ಪೀಟು ಮನೆಯ ಪ್ರಕರಣ

ಇಸ್ಪೀಟು ಅರೆದು ಕುಡಿದ ಮನೆಯದು. ಅಂಥ ಮನೆಯ ನಾಲ್ಕು ಜನ ಸೇರಿ, ಮಕ್ಕಳೂ ಕಲಿಯಬಹುದಾದ ಒಂದು ಎಲೆಯಾಟದಲ್ಲಿ ಐದನೇ ಸುತ್ತಿಗೇ ಸೋತರು. ಎದುರಾಳಿ ಯಾರೂ ಇರಲಿಲ್ಲ. ನಾಲ್ವರೂ ಒಂದೇ ಪಕ್ಷ. ಹಾಗಾದರೆ ಸೋಲಿಸಿದ್ದು ಯಾರು ಅನ್ನುವುದೇ ಈ ಪ್ರಕರಣ. ನಾನು ಆ ಸಂಜೆ ಐದನೆಯವನಾಗಿ ಪಕ್ಕದಲ್ಲಿ ಕೂತು ಯಾರು ಯಾವ ಎಲೆ ಇಳಿಸಿದರು ಅಂತ ಬರೆದುಕೊಂಡಿದ್ದೆ. ಆ ಕಾಗದ ಇರುವುದರಿಂದಲೇ ಇದನ್ನು ಎಲೆ ಎಲೆಯಾಗಿ ಬಿಡಿಸಿ ಹೇಳಲು ಆಗುತ್ತಿದೆ.

ಆಟದ ಹೆಸರು 'ದಿ ಕ್ರೂ: ದಿ ಕ್ವೆಸ್ಟ್ ಫಾರ್ ಪ್ಲಾನೆಟ್ ನೈನ್'. ಜರ್ಮನಿಯ ಥಾಮಸ್ ಸಿಂಗ್ ರೂಪಿಸಿದ್ದು, ಕಾಸ್ಮೋಸ್ ಕಂಪನಿ 2019ರಲ್ಲಿ ಹೊರತಂದದ್ದು. ಜರ್ಮನಿಯಲ್ಲಿ ವರ್ಷದ ಆಟಗಳಿಗೆ ಕೊಡುವ ಬಹುಮಾನಗಳಲ್ಲಿ, ಸ್ವಲ್ಪ ಪಳಗಿದ ಆಟಗಾರರಿಗೆಂದೇ ಇರುವ 'ಕೆನ್ನರ್‌ಶ್ಪೀಲ್' 2020ರಲ್ಲಿ ಇದಕ್ಕೇ ಬಂತು. ಕಥೆ ಇಷ್ಟೇ: ನೀವೆಲ್ಲ ಗಗನಯಾತ್ರಿಗಳು, ಸೌರಮಂಡಲದ ಅಂಚಿನಲ್ಲಿ ಒಂಬತ್ತನೇ ಗ್ರಹ ಇದೆಯೋ ಇಲ್ಲವೋ ನೋಡಿಕೊಂಡು ಬರಬೇಕು. ದಾರಿಯಲ್ಲಿ 50 ಮಿಷನ್. ಗ್ರಹದ ವಿಚಾರ ಪೂರ್ತಿ ಕಟ್ಟುಕಥೆ ಏನಲ್ಲ. 2006ರಲ್ಲಿ ಪ್ಲೂಟೋವನ್ನು ಗ್ರಹಗಳ ಪಟ್ಟಿಯಿಂದ ತೆಗೆದಮೇಲೆ ಎಂಟೇ ಉಳಿದವು ಅಲ್ವಾ? 2016ರಲ್ಲಿ ಕ್ಯಾಲ್‌ಟೆಕ್‌ನ ಕಾನ್‌ಸ್ಟಂಟಿನ್ ಬ್ಯಾಟಿಗಿನ್ ಮತ್ತು ಮೈಕ್ ಬ್ರೌನ್, ನೆಪ್ಚೂನ್‌ನಿಂದಾಚೆಗಿನ ಕೆಲವು ಪುಟ್ಟ ಕಾಯಗಳ ಕಕ್ಷೆಗಳು ಒಂದೇ ಕಡೆ ವಾಲಿರುವುದನ್ನು ನೋಡಿ, ಅಲ್ಲೊಂದು ದೊಡ್ಡ ಗ್ರಹ ಇರಬಹುದು ಅಂದರು. ಕಣ್ಣಿಗೆ ಮಾತ್ರ ಇನ್ನೂ ಬಿದ್ದಿಲ್ಲ.

ರಾಕೆಟ್ಟು, ಗ್ರಹ ಎಲ್ಲ ಮೇಲಿನ ಅಲಂಕಾರ. ಒಳಗಿರುವುದು ನಮಗೆ ಗೊತ್ತಿರುವ ಇಸ್ಪೀಟೇ. ಒಬ್ಬರು ಒಂದು ಬಣ್ಣದ ಎಲೆ ಇಳಿಸುತ್ತಾರೆ, ಆ ಬಣ್ಣ ಕೈಯಲ್ಲಿದ್ದವರು ಅದನ್ನೇ ಹಾಕಬೇಕು, ದೊಡ್ಡ ಎಲೆಯವರು ಸುತ್ತು ಎತ್ತುತ್ತಾರೆ. ಗುಲಾಬಿ, ನೀಲಿ, ಹಸಿರು, ಹಳದಿ ಅಂತ ನಾಲ್ಕು ಬಣ್ಣ, ಒಂದೊಂದರಲ್ಲಿ 1ರಿಂದ 9. ಜೊತೆಗೆ 1ರಿಂದ 4ರವರೆಗೆ ನಾಲ್ಕು ರಾಕೆಟ್. ರಾಕೆಟ್ಟೇ ಹುಕುಮ್, ಯಾವ ಬಣ್ಣವನ್ನಾದರೂ ಕಡಿಯುತ್ತದೆ. ಒಟ್ಟು 40 ಎಲೆ, ನಾಲ್ಕು ಜನಕ್ಕೆ ತಲಾ ಹತ್ತು. ನಾಲ್ಕನೇ ರಾಕೆಟ್ ಯಾರ ಕೈಗೆ ಬಂತೋ ಅವರೇ ಕಮಾಂಡರ್, ಮೊದಲ ಎಲೆ ಅವರದು.

ಇಲ್ಲಿಯವರೆಗೆ ಹೊಸದೇನೂ ಇಲ್ಲ. ಘಟ್ಟದ ಕೆಳಗೆ ಸಾವಂತವಾಡಿಯಲ್ಲಿ ಈಗಲೂ ಬಣ್ಣ ಬಳಿದು ಮಾಡುವ ದುಂಡನೆಯ ಗಂಜೀಫಾ ಎಲೆಗಳೂ ಇದೇ ಜಾತಿಯ ಆಟದವು. ದಶಾವತಾರದ ಕಟ್ಟಿನಲ್ಲಿ 120 ಎಲೆ, ಹತ್ತು ಅವತಾರಕ್ಕೆ ಹತ್ತು ಗುಂಪು. ಅದರಲ್ಲಿ ಹುಕುಮ್ ಇಲ್ಲ ಅನ್ನುವುದೊಂದು ವ್ಯತ್ಯಾಸ.

ಹೊಸತು ಇರುವುದು ಎರಡು ಕಡೆ. ಒಂದು, ಎಲ್ಲರೂ ಕೂಡಿ ಗೆಲ್ಲಬೇಕು ಇಲ್ಲವೇ ಕೂಡಿ ಸೋಲಬೇಕು. ಎರಡು, ಕೈಯಲ್ಲಿ ಏನಿದೆ ಅಂತ ಬಾಯಿ ಬಿಡುವಂತಿಲ್ಲ. ಅಂತರಿಕ್ಷದಲ್ಲಿ ರೇಡಿಯೋ ಸರಿಯಾಗಿ ಸಿಗುವುದಿಲ್ಲ ಅನ್ನುವುದು ಅದಕ್ಕೆ ಕೊಟ್ಟ ನೆಪ. ಪ್ರತಿಯೊಬ್ಬರ ಹತ್ತಿರ ಒಂದು ಬಿಲ್ಲೆ ಇರುತ್ತದೆ. ಮಿಷನ್‌ಗೆ ಒಂದೇ ಒಂದು ಸಲ, ಯಾವುದಾದರೂ ಸುತ್ತು ಶುರುವಾಗುವ ಮೊದಲು, ಒಂದು ಬಣ್ಣದ ಎಲೆಯನ್ನು ಎಲ್ಲರಿಗೂ ಕಾಣುವಂತೆ ಮುಂದಿಟ್ಟು ಅದರ ಮೇಲೆ ಬಿಲ್ಲೆ ಇಡಬಹುದು. ಬಿಲ್ಲೆ ಎಲೆಯ ಮೇಲ್ತುದಿಗೆ ಇದ್ದರೆ 'ಈ ಬಣ್ಣದಲ್ಲಿ ಇದೇ ನನ್ನ ದೊಡ್ಡದು', ಕೆಳತುದಿಗೆ ಇದ್ದರೆ 'ಇದೇ ಸಣ್ಣದು', ನಡುವೆ ಇದ್ದರೆ 'ಈ ಬಣ್ಣದಲ್ಲಿ ಇದೊಂದೇ'. ಈ ಮೂರರಲ್ಲಿ ಒಂದು ನಿಜ ಇರದಿದ್ದರೆ ಆ ಎಲೆ ತೋರಿಸುವಂತಿಲ್ಲ. ರಾಕೆಟ್ಟನ್ನಂತೂ ತೋರಿಸುವಂತೆಯೇ ಇಲ್ಲ.

ಆಟಗಾರರು

ಮಾಳಮಡ್ಡಿಯ ಹಳೆಯ ಮನೆ. ಹೊರಗೆ ಧಾರವಾಡದ ಜಿಟಿಜಿಟಿ ಮಳೆ. ಪಡಸಾಲೆಯ ಜಮಖಾನದ ಮೇಲೆ ಕಾಕಾ, ಅವರ ಎಡಕ್ಕೆ ವೈನಿ, ಕಾಕಾನ ಎದುರಿಗೆ ಅವರ ಮಗಳು, ಅಂದರೆ ನನ್ನ ತಂಗಿ, ಆಮೇಲೆ ಕಾಕು. ಕಾಕಾ ರೈಲ್ವೆಯಲ್ಲಿದ್ದವರು. ಮೀರಜದಲ್ಲಿ ಕೆಲಸಕ್ಕಿದ್ದಾಗ ಮೆಂಡಿಕೋಟ್ ಕಲಿತು ಬಂದು ಮನೆಗೆಲ್ಲ ಅಂಟಿಸಿದವರು. ಗೊತ್ತಿಲ್ಲದವರಿಗೆ: ಅದು ಇಬ್ಬಿಬ್ಬರು ಜೋಡಿಯಾಗಿ ಆಡುವ ಆಟ, ನಾಲ್ಕು ಹತ್ತುಗಳನ್ನು ಯಾರು ಜಾಸ್ತಿ ಹಿಡಿಯುತ್ತಾರೋ ಅವರು ಗೆದ್ದಂತೆ. ಈ ಮನೆಯ ಮೆಂಡಿಕೋಟ್‌ನಲ್ಲಿ ಮೂರು ಮಾತು ಶಾಸನ ಇದ್ದ ಹಾಗೆ. ದೊಡ್ಡ ಎಲೆ ಬಿಟ್ಟುಕೊಡಬಾರದು. ಗೆಲ್ಲದ ಸುತ್ತಿಗೆ ಸಣ್ಣ ಎಲೆ ಒಗೆಯಬೇಕು. ಬಣ್ಣ ಇಲ್ಲದಾಗ ಹುಕುಮ್ ಇದ್ದರೆ ಕಡಿಯಬೇಕು.

ಈ ಮೂರನ್ನೂ ನೆನಪಿಟ್ಟುಕೊಳ್ಳಿ. ಮೂರೂ ಮುಂದೆ ಒಂದೊಂದಾಗಿ ಬರುತ್ತವೆ.

ಮೊದಲ ನಾಲ್ಕು ಮಿಷನ್ ಸಲೀಸಾಗಿ ಮುಗಿದವು. ಅವುಗಳಲ್ಲಿ 'ಇಂಥ ಎಲೆಯನ್ನು ಇಂಥವರು ಎತ್ತಬೇಕು' ಅನ್ನುವ ಕೆಲಸ ಇರುತ್ತದೆ, ಅದು ಹತ್ತು ಹಿಡಿದ ಹಾಗೇ. ತಾಪತ್ರಯ ಶುರುವಾದದ್ದು ಐದನೆಯದರಲ್ಲಿ. ಅಲ್ಲಿ ಯಾತ್ರಿಗಳಲ್ಲಿ ಒಬ್ಬರಿಗೆ ಮೈಯಲ್ಲಿ ಹುಷಾರಿಲ್ಲ. ಕಮಾಂಡರ್ ಎಲ್ಲರನ್ನೂ ಹೇಗಿದ್ದೀರಿ ಅಂತ ಕೇಳಬೇಕು. ಉತ್ತರ ಒಂದೇ ಮಾತಿನಲ್ಲಿ, ಚೆನ್ನಾಗಿದ್ದೇನೆ ಅಥವಾ ಇಲ್ಲ. ಆಮೇಲೆ ರೋಗಿ ಯಾರು ಅಂತ ಕಮಾಂಡರ್ ತೀರ್ಮಾನ ಮಾಡುತ್ತಾರೆ. ಹತ್ತು ಸುತ್ತಿನಲ್ಲಿ ರೋಗಿ ಒಂದನ್ನೂ ಎತ್ತಬಾರದು. ಇಷ್ಟೇ ಮಿಷನ್.

ನಾಲ್ಕನೇ ರಾಕೆಟ್ ಕಾಕಾನ ಕೈಯಲ್ಲಿತ್ತು. ಗಂಟಲು ಸರಿಮಾಡಿಕೊಂಡು, "ಆರಾಮ ಇದ್ದಿಯೇನವಾ?" ಅಂತ ವೈನಿಯಿಂದ ಶುರು ಮಾಡಿದರು.

"ಆರಾಮಿಲ್ರಿ."

ತಂಗಿ ಆರಾಮ ಅಂದಳು. ಕಾಕು ಕೂಡ ಆರಾಮ ಅಂದರು, ಜೊತೆಗೆ "ಮೊಣಕಾಲ ಬಿಟ್ಟು" ಅಂತ ಸೇರಿಸಿದರು. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ರೋಗಿ ವೈನಿ ಅಂತ ತೀರ್ಮಾನವಾಯಿತು.

ಯಾರ ಕೈಯಲ್ಲಿ ಏನಿತ್ತು

ವೈನಿ: ಗುಲಾಬಿ 1, 2, 4, 5, ನೀಲಿ 1, 3, ಹಸಿರು 2, 4, ಹಳದಿ 3, 8.
ಕಾಕಾ: ರಾಕೆಟ್ 2, 4, ಗುಲಾಬಿ 6, 9, ನೀಲಿ 4, 8, ಹಸಿರು 3, 9, ಹಳದಿ 5, 9.
ತಂಗಿ: ರಾಕೆಟ್ 1, ನೀಲಿ 2, 5, 6, 7, ಹಸಿರು 1, 5, 6, 8, ಹಳದಿ 7.
ಕಾಕು: ರಾಕೆಟ್ 3, ಗುಲಾಬಿ 3, 7, 8, ನೀಲಿ 9, ಹಸಿರು 7, ಹಳದಿ 1, 2, 4, 6.

ಕಾಕಾನ ಆಯ್ಕೆಯಲ್ಲಿ ಹುಳುಕಿಲ್ಲ. ಇದಕ್ಕಿಂತ ಒಳ್ಳೆಯ ರೋಗಿ ಸಿಗುವುದು ಕಷ್ಟ. ವೈನಿಯ ಹತ್ತಿರ ರಾಕೆಟ್ ಇಲ್ಲ, ಹತ್ತರಲ್ಲಿ ಒಂಬತ್ತು ಎಲೆ ಐದು ಅಥವಾ ಅದಕ್ಕಿಂತ ಕೆಳಗಿನವು. ಚುಚ್ಚುವ ಮುಳ್ಳು ಒಂದೇ, ಹಳದಿ ಎಂಟು.

ಐದು ಸುತ್ತು

ಮೊದಲ ಸುತ್ತಿಗೂ ಮೊದಲೇ ವೈನಿ ರೇಡಿಯೋ ಬಳಸಿಬಿಟ್ಟರು. ಗುಲಾಬಿ ಐದನ್ನು ಮುಂದಿಟ್ಟು ಬಿಲ್ಲೆಯನ್ನು ಮೇಲ್ತುದಿಗೆ ಇಟ್ಟರು. 'ಗುಲಾಬಿಯಲ್ಲಿ ನನ್ನದು ಇದಕ್ಕಿಂತ ದೊಡ್ಡದಿಲ್ಲ, ನಿಶ್ಚಿಂತರಾಗಿರಿ' ಅಂತ. ಎಲ್ಲರೂ ತಲೆದೂಗಿದರು.

ಕಾಕಾ ಹಳದಿ ಒಂಬತ್ತನ್ನು ಜಮಖಾನದ ಮೇಲೆ ಫಟ್ಟನೆ ಹೊಡೆದರು. ಕೈಯಲ್ಲಿ ರಾಜ ಇದ್ದಾಗ ಕಾಯುವುದು ಅವರ ಜಾಯಮಾನ ಅಲ್ಲ. ವೈನಿ ತಮ್ಮ ಎರಡು ಹಳದಿಗಳಲ್ಲಿ ಮೂರನ್ನು ಇಳಿಸಿದರು. ತಂಗಿ ಏಳು, ಕಾಕು ಒಂದು. ಸುತ್ತು ಕಾಕಾನದು.

ಎರಡನೆಯದಕ್ಕೆ ಕಾಕಾ ಗುಲಾಬಿ ಒಂಬತ್ತು. ವೈನಿ ಐದು. ತಂಗಿಯ ಹತ್ತಿರ ಗುಲಾಬಿಯೇ ಇರಲಿಲ್ಲ. ಒಂದನೇ ರಾಕೆಟ್ ಹಾರಿಸಿದಳು, ಬಾಯಲ್ಲಿ ಶಬ್ದ ಕೂಡ ಮಾಡಿದಳು. ಕಾಕು ಮೂರು. ಮೂರನೇ ಸುತ್ತಿಗೆ ತಂಗಿ ಹಸಿರು ಎಂಟು, ಕಾಕು ಏಳು, ಕಾಕಾ ಒಂಬತ್ತು, ವೈನಿ ನಾಲ್ಕು. ನಾಲ್ಕನೆಯದಕ್ಕೆ ಕಾಕಾ ನೀಲಿ ಎಂಟು, ವೈನಿ ಮೂರು, ತಂಗಿ ಎರಡು. ಕಾಕುವಿನ ಹತ್ತಿರ ಇದ್ದ ನೀಲಿ ಒಂಬತ್ತೊಂದೇ, ಹಾಕಲೇಬೇಕಾಯಿತು. ಸುತ್ತು ಅವರಿಗೆ ಬಂತು.

ಐದನೆಯದು. ಕಾಕು ಹಳದಿ ಆರು ಇಳಿಸಿದರು. ಕಾಕಾ ಐದು ಹಾಕಿದರು. ವೈನಿ ಎಲೆ ಕೈಯಲ್ಲಿ ಹಿಡಿದು ಸುಮ್ನೆ ಕೂತರು. ಹಳದಿ ಇದೆ, ಹಾಕದೆ ವಿಧಿಯಿಲ್ಲ. ಎಂಟನ್ನು ಹಾಕಿ ತಂಗಿಯ ಮುಖ ನೋಡಿದರು. ತಂಗಿಯ ಹತ್ತಿರ ಹಳದಿಯೂ ಇಲ್ಲ, ರಾಕೆಟ್ಟೂ ಇಲ್ಲ. ನೀಲಿ ಐದನ್ನು ಒಗೆದಳು. ರೋಗಿ ಸುತ್ತು ಎತ್ತಿದರು, ಮಿಷನ್ ಮಣ್ಣುಪಾಲು.

"ನಿನಗ ಹಳದೀನ ಬೇಕಾಗಿತ್ತೇನು?" ಅಂದರು ಕಾಕಾ.

"ಅಲ್ರಿ, ಎಂಟು ಆಕಿ ಕಡೆ ಅದ ಅಂತ ನನಗ ಹ್ಯಾಂಗ ಗೊತ್ತಾಗಬೇಕು?"

ತಪ್ಪು ಯಾರದು

ಪಡಸಾಲೆಯ ತೀರ್ಪು ಕಾಕುವಿನ ಮೇಲೆ ಬಿತ್ತು. ಕಣ್ಣೆದುರಿಗೆ ಬಂಡಿ ಮಗುಚಿದ್ದು ಅವರು ಎಲೆ ಇಳಿಸಿದಾಗ, ಹಾಗಾಗಿ ಸಹಜವೇ. ನನಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ನಲವತ್ತು ಎಲೆಗಳನ್ನೂ ಬಿಚ್ಚಿ, ಯಾರ ಮುಂದೆ ಯಾವುದು ಇತ್ತೋ ಹಾಗೆ ಹರಡಿದೆವು. ಬ್ರಿಜ್ ಆಡುವವರು ಆಟ ಮುಗಿದಮೇಲೆ ಮಾಡುವ ಕೆಲಸ ಇದು. ಮೆಂಡಿಕೋಟ್ ಮನೆಗಳಲ್ಲಿ ಯಾರೂ ಮಾಡುವುದಿಲ್ಲ, ಅಲ್ಲಿ ಎಲೆ ಕಲಸಿ ಮುಂದೆ ಹೋಗುವುದೇ ರೂಢಿ. ಜಗಳಕ್ಕೆ ಪುರಾವೆ ಉಳಿಯಬಾರದು ಅಂತಲೋ ಏನೋ.

ಕಾಕುವಿನಿಂದಲೇ ಶುರು ಮಾಡೋಣ. ಐದನೇ ಸುತ್ತಿನ ಹೊತ್ತಿಗೆ ಹಳದಿಯಲ್ಲಿ 9, 3, 7, 1 ಹೊರಗೆ ಬಿದ್ದಿದ್ದವು. 2, 4, 6 ಅವರ ಕೈಯಲ್ಲೇ. ಅಂದರೆ ಹೊರಗೆ ಉಳಿದದ್ದು ಎರಡೇ, ಐದು ಮತ್ತು ಎಂಟು. ಎಂಟು ಎಲ್ಲಿದೆ ಗೊತ್ತಿಲ್ಲದಾಗ ಹಳದಿ ಮುಟ್ಟುವುದು ಜೂಜು. ಅದೂ ಅವರ ಕೈಯಲ್ಲಿ ಗುಲಾಬಿ ಎಂಟು ಇತ್ತು. ಗುಲಾಬಿ ಒಂಬತ್ತು ಹೋಗಿತ್ತು, ವೈನಿಯ ಗುಲಾಬಿ ಐದನ್ನು ದಾಟುವುದಿಲ್ಲ ಅಂತ ರೇಡಿಯೋದಲ್ಲೇ ಬಂದಿತ್ತು. ಆ ಎಂಟನ್ನು ಕಣ್ಣು ಮುಚ್ಚಿಕೊಂಡು ಆಡಬಹುದಿತ್ತು. ಆದರೆ ಅದರಿಂದ ಮುಳ್ಳು ಕೀಳುತ್ತಿರಲಿಲ್ಲ, ಕಾಲಿಡುವುದು ಸ್ವಲ್ಪ ತಡವಾಗುತ್ತಿತ್ತು ಅಷ್ಟೆ. ನನ್ನ ಲೆಕ್ಕದಲ್ಲಿ ತಪ್ಪಿನ ಸಾಲಿನಲ್ಲಿ ಕಾಕು ಕೊನೆಯವರು.

ಅವರಿಗಿಂತ ಮುಂದೆ ತಂಗಿ. ಎರಡನೇ ಸುತ್ತಿನ ಆ ರಾಕೆಟ್ ಯಾತಕ್ಕೆ? ಸುತ್ತು ಕಾಕಾನದೇ ಆಗಿತ್ತು, ರೋಗಿಗೆ ಅಪಾಯ ಕೂದಲೆಳೆಯಷ್ಟೂ ಇರಲಿಲ್ಲ. ಹುಕುಮ್ ಇದೆ, ಬಣ್ಣ ಇಲ್ಲ, ಕಡಿ ಅನ್ನುವ ಮೂರನೇ ಶಾಸನ ಕೈ ಹಿಡಿದು ಎಳೆಯಿತು. ಹಳದಿ ಏಳು ಹಾಕಿದ ಗಳಿಗೆಯಿಂದ ಅವಳ ಹತ್ತಿರ ಹಳದಿ ಇಲ್ಲ. ಅಂದರೆ ಯಾರಾದರೂ ಹಳದಿ ಇಳಿಸಿ ವೈನಿ ಸಿಕ್ಕಿಬಿದ್ದರೆ, ವೈನಿಯ ನಂತರ ಕೂತ ಅವಳೇ ಕಡಿದು ಬಿಡಿಸಬಹುದಿತ್ತು. ಗುಲಾಬಿಯ ಮೇಲೆ ಒಂದು ನೀಲಿ ಐದು ಒಗೆದು ರಾಕೆಟ್ ಉಳಿಸಿಕೊಂಡಿದ್ದರೆ, ಕಾಕುವಿನ ಹಳದಿ ಆರು ಬಂದಾಗಲೂ ಮಿಷನ್ ಉಳಿಯುತ್ತಿತ್ತು. ಇಡೀ ಆಟದಲ್ಲಿ ರೋಗಿಗೆ ಆಂಬುಲೆನ್ಸ್ ಅಂತ ಇದ್ದರೆ ಅದು ಆ ಒಂದನೇ ರಾಕೆಟ್. ಅದು ಖಾಲಿ ಓಡಿತು.

ಇನ್ನು ಮೊದಲ ಸುತ್ತು. ಕಾಕಾ ಹಳದಿ ಒಂಬತ್ತು ಹೊಡೆದದ್ದು ಬರೀ ಹುಮ್ಮಸ್ಸಿನಿಂದ. ಆದರೂ ವೈನಿಗೆ ಬೇಕಾಗಿದ್ದ ಎಲೆ ಜಗತ್ತಿನಲ್ಲಿ ಅದೊಂದೇ. ಎಂಟನ್ನು ಮೀರಿಸುವ ಹಳದಿ ಬೇರೆ ಇಲ್ಲ. ಒಂಬತ್ತರ ಅಡಿಗೆ ಎಂಟನ್ನು ತಳ್ಳಿಬಿಟ್ಟಿದ್ದರೆ ಅಲ್ಲಿಗೇ ಕೆಲಸ ಮುಗಿಯುತ್ತಿತ್ತು. ವೈನಿ ಎಂಟನ್ನು ಇಟ್ಟುಕೊಂಡು ಮೂರನ್ನು ಕೊಟ್ಟರು. ಗೆಲ್ಲದ ಸುತ್ತಿಗೆ ಸಣ್ಣ ಎಲೆ. ಒಂಬತ್ತು ಹೋದ ಮರುಕ್ಷಣ ಅವರ ಎಂಟೇ ಹಳದಿಯ ರಾಜ ಆಯಿತು. ಗೆಲ್ಲಲೇಬಾರದ ಮನುಷ್ಯನ ಕೈಗೆ ರಾಜನನ್ನು ಕೊಟ್ಟು ಕೂರಿಸಿದಂತಾಯಿತು.

"ಕೈ ತಾನs ಹೋತು ನೋಡ್ರಿ ಮೂರರ ಕಡೆ," ಅಂದರು ವೈನಿ. ನಿಜ ಇರಬೇಕು. ಎಲೆಯಾಟದಲ್ಲಿ ಅರ್ಧ ನಿರ್ಧಾರ ಬೆರಳೇ ತೆಗೆದುಕೊಳ್ಳುತ್ತದೆ.

ಇಷ್ಟಾದರೂ ಇವೆಲ್ಲಕ್ಕಿಂತ ದೊಡ್ಡ ತಪ್ಪು ಎಲೆ ಇಳಿಯುವ ಮೊದಲೇ ಆಗಿತ್ತು ಅನ್ನುತ್ತೇನೆ. ಅದು ಗುಲಾಬಿ ಐದರ ಮೇಲೆ ಕೂತ ಬಿಲ್ಲೆ. ಅದರಲ್ಲಿ ಸುಳ್ಳೇನಿರಲಿಲ್ಲ, ಉಪಯೋಗವೂ ಇರಲಿಲ್ಲ. ಆರಾಮಿಲ್ಲ ಅಂದವರ ಗುಲಾಬಿ ಸಣ್ಣದಿರುತ್ತದೆ ಅಂತ ಎಲ್ಲರೂ ಹೇಗೂ ಅಂದುಕೊಂಡಿರುತ್ತಾರೆ. ಗೊತ್ತಾಗಬೇಕಾದದ್ದು ಎಲ್ಲಿ ಸಣ್ಣದಿಲ್ಲ ಅನ್ನುವುದು. ಡಾಕ್ಟರ ಮುಂದೆ ಕೂತು ನೋಯದ ಕಾಲು ತೋರಿಸಿ ಬಂದ ಹಾಗಾಯಿತು. ಅದೇ ಬಿಲ್ಲೆ ಹಳದಿ ಎಂಟರ ಮೇಲೆ, ಮೇಲ್ತುದಿಗೆ ಬಂದಿದ್ದರೆ ಮೂವರಿಗೂ ಒಮ್ಮೆಲೇ ಎಚ್ಚರ ಆಗುತ್ತಿತ್ತು. ತಂಗಿ ರಾಕೆಟ್ ಹಾರಿಸುತ್ತಿರಲಿಲ್ಲ. ಕಾಕು ಹಳದಿ ಮುಟ್ಟುತ್ತಿರಲಿಲ್ಲ. ವೈನಿಗೂ ಆ ಎಲೆ ಕಣ್ಣಮುಂದೆ ಬಿದ್ದಿರುವುದರಿಂದ ಕೈ ತಾನೇ ಮೂರರ ಕಡೆ ಹೋಗುತ್ತಿರಲಿಲ್ಲ.

ಬಿಲ್ಲೆಯನ್ನು ಉಳಿಸಿಕೊಂಡಿದ್ದರೂ ಸಾಕಿತ್ತು. ಹಳದಿ ಮೂರು ಹೋದಮೇಲೆ ಎಂಟು ಒಂದೇ ಉಳಿದಿತ್ತು. ಎರಡನೇ ಸುತ್ತಿಗೆ ಮೊದಲು ಅದನ್ನು ಮುಂದಿಟ್ಟು ಬಿಲ್ಲೆಯನ್ನು ನಡುವೆ ಇಟ್ಟಿದ್ದರೆ ಮಾತು ಇನ್ನೂ ಸ್ಪಷ್ಟ: 'ಹಳದಿ ಇಳಿಸಿದರೆ ಸತ್ತೆ.' ಆಗ ಏನು ಮಾಡಬೇಕಿತ್ತು ಅಂತ ಎಲೆ ಹರಡಿ ಆಡಿ ನೋಡಿದೆವು. ದಾರಿ ಸಿಕ್ಕಿತು. ಕಾಕಾ ಹಸಿರು ಒಂಬತ್ತು ಆಡಿದರೆ ವೈನಿಯ ನಾಲ್ಕು ಹೋಗುತ್ತದೆ, ತಂಗಿ ಒಂದನ್ನು ಹಾಕುತ್ತಾಳೆ, ಕಾಕುವಿನ ಏಳು ಹೋಗುತ್ತದೆ. ಕಾಕಾ ಮತ್ತೆ ಹಸಿರು ಮೂರು ಆಡಿದರೆ ವೈನಿಯ ಎರಡು ಹೋಗುತ್ತದೆ, ತಂಗಿ ಎಂಟರಿಂದ ಎತ್ತುತ್ತಾಳೆ. ಈಗ ವೈನಿಯ ಹತ್ತಿರ ಹಸಿರು ಖಾಲಿ. ತಂಗಿ ಮೂರನೇ ಸಲ ಹಸಿರು ಆರು ಆಡಿದ ಕೂಡಲೇ ವೈನಿ ಹಳದಿ ಎಂಟನ್ನು ಆರಾಮಾಗಿ ಅದರ ಮೇಲೆ ಒಗೆಯಬಹುದು. ಬಣ್ಣ ಬೇರೆ, ಗೆಲ್ಲುವ ಮಾತೇ ಇಲ್ಲ.

ಕಾಕಾ ಆ ಮೂರನೇ ಹಸಿರನ್ನು ತಾವೇ ಎತ್ತಿ ಇಳಿಸಿ ನೋಡಿದರು. ಒಮ್ಮೆ ಅಲ್ಲ, ಎರಡು ಸಲ. "ಹಸರು ಆಡಿ ಹಳದಿ ಕಳಿಯೂದು," ಅಂತ ತಮ್ಮಷ್ಟಕ್ಕೆ ಅಂದುಕೊಂಡರು.

ಇನ್ನೊಂದು ದಾರಿಯೂ ಇತ್ತು. ಮೊದಲ ಸುತ್ತಿಗೆ ಮುಂಚೆ ಅಪಾಯದ ಸಂಕೇತ ಕಳಿಸಬಹುದು. ಆಗ ಎಲ್ಲರೂ ಒಂದೇ ದಿಕ್ಕಿಗೆ, ಎಡಕ್ಕೋ ಬಲಕ್ಕೋ, ಒಂದೊಂದು ಎಲೆಯನ್ನು ಪಕ್ಕದವರಿಗೆ ದಾಟಿಸುತ್ತಾರೆ. ರಾಕೆಟ್ ಕೊಡುವಂತಿಲ್ಲ. ದಂಡ ಅಂದರೆ ಲಾಗ್‌ಬುಕ್‌ನಲ್ಲಿ ಒಂದು ಪ್ರಯತ್ನ ಜಾಸ್ತಿ ಬರೆದುಕೊಳ್ಳಬೇಕು, ಅಷ್ಟೇ. ಎಡಕ್ಕೆ ದಾಟಿಸಿದ್ದರೆ ಹಳದಿ ಎಂಟು ತಂಗಿಗೆ ಹೋಗಿ, ವೈನಿಗೆ ಕಾಕಾನಿಂದ ಹಸಿರು ಮೂರೋ ನೀಲಿ ನಾಲ್ಕೋ ಬರುತ್ತಿತ್ತು. ಇದನ್ನು ನಾನು ಆಟಕ್ಕೆ ಮೊದಲೇ ಹೇಳಿದ್ದೆ. ಐದನೇ ಮಿಷನ್‌ಗೇ ಬೊಬ್ಬೆ ಹೊಡೆಯುವುದೇ ಅಂತ ಕಾಕಾ ಒಪ್ಪಿರಲಿಲ್ಲ.

ಎರಡನೆಯದು, ಮೂರನೆಯದು

ಎರಡನೇ ಪ್ರಯತ್ನದ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಕಾಕು ರೋಗಿ, ಕೈಯಲ್ಲಿ ಮಧ್ಯಮ ಎಲೆಗಳು, ಮೂರನೇ ಸುತ್ತಿಗೇ ಸಿಕ್ಕಿಬಿದ್ದರು. ಅಲ್ಲಿ ನಡೆದದ್ದು ಬೇರೆ ರಗಳೆ. ಕಾಕಾ ನಡುನಡುವೆ ಕೆಮ್ಮತೊಡಗಿದರು. ಮೆಂಡಿಕೋಟ್‌ನಲ್ಲಿ ಈ ಕೆಮ್ಮಿಗೆ ಅರ್ಥ ಉಂಟು, ಕಣ್ಣು ಹೊಡೆಯುವುದಕ್ಕೂ ಉಂಟು. "ಅಪ್ಪಾ, ರೋಗಿ ನೀ ಅಲ್ಲ, ಅವ್ವ," ಅಂದಳು ತಂಗಿ. ಮಳೆಗಾಲದ ಕೆಮ್ಮು ಅಂತ ಅವರು ವಾದಿಸಿದರು. ನನಗೆ ಇದರಲ್ಲಿ ಖಂಡಿತ ಅಭಿಪ್ರಾಯ ಇದೆ: ಕೆಮ್ಮಿ ಗೆದ್ದರೆ ಈ ಆಟದಲ್ಲಿ ಉಳಿಯುವುದೇನೂ ಇಲ್ಲ. ಇಡೀ ರುಚಿ ಇರುವುದೇ ಆ ಒಂದು ಬಿಲ್ಲೆಯ ಬಡತನದಲ್ಲಿ.

ಇದೇ ಹೊತ್ತಿಗೆ ಇನ್ನೊಂದು ಪತ್ತೆಯಾಯಿತು. ಪಕ್ಕದಲ್ಲಿ ಮಿರ್ಚಿ, ಗಿರಮಿಟ್ಟು ಇದ್ದವು. ಎಣ್ಣೆ ಬೆರಳಿನ ಗುರುತು ನೀಲಿ ನಾಲ್ಕರ ಬೆನ್ನ ಮೇಲೆ ಮೂಡಿತ್ತು. ಅದು ಯಾರ ಕೈಗೆ ಹೋಯಿತು ಅಂತ ಎಲ್ಲರಿಗೂ ಕಾಣುತ್ತಿತ್ತು. ಎಲೆಗಳಿಗೆ ಪ್ಲಾಸ್ಟಿಕ್ ಕವರ್ ಹಾಕಿಟ್ಟರೆ ಒಳ್ಳೆಯದು. ಅದಾಗುವವರೆಗೆ ಮಿರ್ಚಿ ಮಿಷನ್ ಮುಗಿದ ಮೇಲೆ.

ಮೂರನೆಯ ಸಲ ಎಲೆ ಕಲಸುವ ಮೊದಲು ಒಂದು ಮಾತು ಆಯಿತು, ಬಿಲ್ಲೆಯಿಂದ ಹೇಳುವುದು ಕೆಟ್ಟ ಸುದ್ದಿ ಮಾತ್ರ ಅಂತ. ಆ ಸಲ ಕಮಾಂಡರ್ ತಂಗಿ. ರೋಗಿ ಕಾಕಾ. ಅವರ ಕೈ ಪೂರಾ ಪುಡಿ ಎಲೆ, ನೀಲಿ ಒಂಬತ್ತೊಂದನ್ನು ಬಿಟ್ಟು. ಮೊದಲ ಸುತ್ತಿಗೆ ಮುಂಚೆಯೇ ಅದನ್ನು ಎದುರಿಗಿಟ್ಟು ಬಿಲ್ಲೆಯನ್ನು ನಡುವೆ ಇಟ್ಟರು. ನೀಲಿ ಇದೊಂದೇ. ಒಂಬತ್ತನ್ನು ಮೀರಿಸುವ ಬಣ್ಣದ ಎಲೆಯೇ ಇಲ್ಲ, ಆದ್ದರಿಂದ ಉಳಿದವರು ನೀಲಿಯ ತಂಟೆಗೇ ಹೋಗಲಿಲ್ಲ. ತಂಗಿ ಗುಲಾಬಿ ಎಂಟು ಆಡಿದಳು, ಕಾಕಾ ಎರಡು ಹಾಕಿದರು. ಮತ್ತೆ ಗುಲಾಬಿ ಏಳು. ಕಾಕಾನ ಹತ್ತಿರ ಇನ್ನು ಗುಲಾಬಿ ಇರಲಿಲ್ಲ.

ನೀಲಿ ಒಂಬತ್ತನ್ನು ಎರಡು ಬೆರಳಲ್ಲಿ ಎತ್ತಿದರು. ಅದರ ಮುಖ ಒಮ್ಮೆ ನೋಡಿದರು. ಈ ಸಲ ಫಟ್ಟನೆ ಹೊಡೆಯಲಿಲ್ಲ, ಗುಲಾಬಿ ಏಳರ ಪಕ್ಕ ಮೆಲ್ಲಗೆ ಇಟ್ಟರು. ಕಾಕು ಬಾಯಿಗೆ ಸೆರಗು ಹಿಡಿದು ನಕ್ಕರು.

ಉಳಿದ ಎಂಟು ಸುತ್ತುಗಳಲ್ಲಿ ಹೇಳಿಕೊಳ್ಳುವಂಥದ್ದು ನಡೆಯಲಿಲ್ಲ. ಮೂವರೂ ದೊಡ್ಡ ಎಲೆಗಳಿಂದ ಶುರು ಮಾಡುತ್ತಾ ಹೋದರು, ಕಾಕಾ ಒಂದನ್ನೂ ಎತ್ತದೆ ಉಳಿದರು. ಲಾಗ್‌ಬುಕ್‌ನಲ್ಲಿ ಐದನೇ ಮಿಷನ್ ಎದುರಿಗೆ ಪ್ರಯತ್ನ 3 ಅಂತ ಬರೆದೆ. ಮುಂದೆ ರೇಡಿಯೋ ಅರ್ಧ ಕೆಡುವ ಮಿಷನ್‌ಗಳಿವೆ. ಎಲೆ ತೋರಿಸಬಹುದು, ಬಿಲ್ಲೆ ಇಡುವಂತಿಲ್ಲ, ದೊಡ್ಡದೋ ಸಣ್ಣದೋ ಒಂದೇಯೋ ಅಂತ ಉಳಿದವರೇ ಊಹಿಸಬೇಕು. ಅದನ್ನು ಓದಿ ಹೇಳಿದಾಗ ಕಾಕಾ, "ಹಂಗಾರ ಕೆಮ್ಮಿಗೆ ಪರವಾನಗಿ ಕೊಡ್ತಾರೇನು ಕೇಳು," ಅಂದರು. ಕೊಡುವುದಿಲ್ಲ ಅಂದೆ. ಎಲೆ ಕಲಸಲು ಕಾಕುವಿನ ಕಡೆ ಸರಿಸಿದರು.